ರಾಯಣ್ಣನ ಸಮಾಧಿಯ ತೊಟ್ಟಿಲುಗಳು: ಮಕ್ಕಳಾಗದಿದ್ದರೆ ಗಂಡನಿಗೆ ಪರೀಕ್ಷೆ ಬೇಡವೇ?

ಜನವರಿ 26 ಬಂತೆಂದರೆ ನಿಮ್ಮ ಮೊಬೈಲ್‌ಗೂ ಸಂಗೊಳ್ಳಿ ರಾಯಣ್ಣನ ಫೋಟೊ ಇರುವ ಸಂದೇಶ ಬಂದಿರಬಹುದು. ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26, ದೇಶದ ಎರಡು ದೊಡ್ಡ ದಿನಗಳೂ ರಾಯಣ್ಣನವೇ ಎಂಬುದು ಅದರ ಸಾರ. ನಮ್ಮ ಬೆಳಗಾವಿ ಕಡೆ ಇನ್ನೊಂದು ಮಾತೂ ಇದೆ. ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ರಾಯಣ್ಣನ ಸಮಾಧಿಯ ಬಳಿಯ ಆಲದ ಮರಕ್ಕೆ ತೊಟ್ಟಿಲು ಕಟ್ಟಿ ಹರಕೆ ಹೊತ್ತರೆ ಮಕ್ಕಳಾಗುತ್ತವೆ ಎಂದು ಜನ ನಂಬುತ್ತಾರೆ.

ಆ ನಂಬಿಕೆಯನ್ನು ಹೀಯಾಳಿಸಲು ಈ ಬರಹವಲ್ಲ. ಆದರೆ ಹರಕೆ ಹೊತ್ತು ವರ್ಷಗಟ್ಟಲೆ ಕಾಯುವ ಮನೆಗಳಲ್ಲಿ ಸಾಮಾನ್ಯವಾಗಿ ಮಾತು ಕೇಳಬೇಕಾಗುವುದು ಸೊಸೆ. ಮಗನಿಗೂ ಒಂದು ಪರೀಕ್ಷೆ ಮಾಡಿಸೋಣ ಎನ್ನುವವರು ಕಡಿಮೆ. ರಾಯಣ್ಣನ ಬದುಕನ್ನು ಸರಿಯಾಗಿ ಓದಿದರೆ, ಮಕ್ಕಳಿಲ್ಲದ ನೋವಿನ ಬಗ್ಗೆ ಅದರಲ್ಲೇ ಒಂದು ಪಾಠ ಸಿಗುತ್ತದೆ.

ರಾಯಣ್ಣ ಯಾರು?

ಈಗ ಆಚರಣೆಯಲ್ಲಿರುವ ಪ್ರಕಾರ ರಾಯಣ್ಣ ಹುಟ್ಟಿದ್ದು 1798ರಲ್ಲಿ. ಊರು ಇಂದಿನ ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿ, ಕುರುಬ ಮನೆತನ. ಊರು ಕಾಯುವ ಕೆಲಸಕ್ಕೆ ಪ್ರತಿಯಾಗಿ ಸಂಸ್ಥಾನದಿಂದ ಇನಾಂ ಜಮೀನು ಪಡೆದ ಶೇತಸನದಿಗಳಲ್ಲಿ ಅವನೂ ಒಬ್ಬ. ಕಿತ್ತೂರು ಇದ್ದರೆ ಮಾತ್ರ ಅವನ ಹೊಲ, ಅವನ ಮರ್ಯಾದೆ.

ಆ ಕಿತ್ತೂರಿಗೆ ಕುತ್ತು ಬಂದದ್ದು ವಾರಸುದಾರನ ವಿಷಯದಲ್ಲಿ. ದೊರೆ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ಅವನಿಗೆ ಸ್ವಂತ ಮಕ್ಕಳಿರಲಿಲ್ಲ. ಸಾಯುವ ಮುನ್ನ ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ಪಡೆಯಲಾಗಿತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಈ ದತ್ತಕವನ್ನು ಒಪ್ಪಲಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸರಿಪಡಿಸಬೇಕು. ಕಿತ್ತೂರನ್ನು ಕಿತ್ತುಕೊಂಡದ್ದು ಡಾಲ್‌ಹೌಸಿಯ ಕಾಯ್ದೆ ಎಂದು ಎಷ್ಟೋ ಸಂದೇಶಗಳು ಹೇಳುತ್ತವೆ. ಡಾಲ್‌ಹೌಸಿ ಗವರ್ನರ್ ಜನರಲ್ ಆದದ್ದು 1848ರಲ್ಲಿ. ಕಿತ್ತೂರಿನ ಕಥೆ ಅದಕ್ಕಿಂತ 24 ವರ್ಷ ಹಳೆಯದು.

ದತ್ತುಮಗನಿಗಾಗಿ ಯುದ್ಧ

ಶಿವಲಿಂಗರುದ್ರಸರ್ಜನ ಮಲತಾಯಿ ರಾಣಿ ಚೆನ್ನಮ್ಮ ಬಗ್ಗಲಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದ ಚೆನ್ನಮ್ಮ 1829ರಲ್ಲಿ ತೀರಿಕೊಂಡರು.

ಕಿತ್ತೂರು ಬಿದ್ದ ಮೇಲೆ ರಾಯಣ್ಣನೂ ಸೆರೆಯಾಗಿ, ನಂತರ ಬಿಡುಗಡೆಯಾದ. ಇನಾಂ ಜಮೀನುಗಳ ಮೇಲೆ ಕಂಪನಿಯ ಕೈ ಬಿತ್ತು. ಆಗ ಅವನು ತನ್ನಂಥವರನ್ನೇ ಕೂಡಿಸಿಕೊಂಡು ಬಂಡೆದ್ದ. ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಬಿತ್ತು, ಖಜಾನೆಗಳು ಲೂಟಿಯಾದವು, ಸಾಲಪತ್ರ ಮತ್ತು ಜಮೀನಿನ ಕಾಗದಗಳು ಸುಟ್ಟುಹೋದವು. ಖಾನಾಪುರದ ಕಾಡುಗಳು ಅವನ ಅಡಗುತಾಣವಾದವು. ಅವನ ಬೇಡಿಕೆ ಒಂದೇ. ದತ್ತುಮಗ ಶಿವಲಿಂಗಪ್ಪ ಗಾದಿಗೆ ಬರಬೇಕು.

1830ರ ಏಪ್ರಿಲ್‌ನಲ್ಲಿ ನಂಬಿದವರೇ ಅವನನ್ನು ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಅವನ ಸಮಾಧಿಯ ಮೇಲೆ ಒಬ್ಬ ಆಪ್ತ ನೆಟ್ಟ ಸಸಿಯೇ ಇಂದಿನ ಆಲದ ಮರ ಎಂಬುದು ಪ್ರತೀತಿ.

ಈಗ ಯೋಚಿಸಿ. ನಾವು ಸಂತಾನಕ್ಕಾಗಿ ತೊಟ್ಟಿಲು ಕಟ್ಟುವುದು ಯಾರ ಸಮಾಧಿಯಲ್ಲಿ? ದತ್ತು ಬಂದ ಮಗನೂ ಪೂರ್ತಿ ಮಗನೇ ಎಂದು ಪ್ರಾಣ ಕೊಟ್ಟವನ ಸಮಾಧಿಯಲ್ಲಿ.

ಆಗ ಇರದ ಪರೀಕ್ಷೆ ಈಗ ಇದೆ

ರಾಯಣ್ಣನ ಕಾಲದಲ್ಲಿ ದೊರೆಯ ಮನೆಯಲ್ಲೂ ಮಕ್ಕಳಾಗದಿರಲು ಕಾರಣ ಯಾರಲ್ಲಿದೆ ಎಂದು ತಿಳಿಯುವ ದಾರಿ ಇರಲಿಲ್ಲ. ಇಂದು ನಮಗೆ ಗೊತ್ತಿದೆ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಕೆಲವೊಮ್ಮೆ ಅದೊಂದೇ ಕಾರಣ.

ಇದನ್ನು ತಿಳಿಯಲು ಮೊದಲು ಬೇಕಾದದ್ದು ವೀರ್ಯ ಪರೀಕ್ಷೆ. 2ರಿಂದ 7 ದಿನ ಸಂಯಮದ ನಂತರ ಕೊಟ್ಟ ಸ್ಯಾಂಪಲ್ ಸಾಕು. ಸೂಜಿಯಿಲ್ಲ, ನೋವಿಲ್ಲ. ಹೆಂಡತಿಗೆ ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಗರ್ಭನಾಳದ ಎಕ್ಸ್‌ರೇ ಎಲ್ಲ ಮುಗಿದ ಮೇಲೆ ಕೊನೆಗೆ ಗಂಡನ ಸರದಿ ಬರುವುದು ತಲೆಕೆಳಗಾದ ಕ್ರಮ. ಇಬ್ಬರಿಗೂ ಒಟ್ಟಿಗೇ ಶುರುವಾಗಬೇಕು. ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ವೈದ್ಯರನ್ನು ಕಾಣಬೇಕು.

ವರದಿಯಲ್ಲಿ ವೀರ್ಯಾಣು ಶೂನ್ಯ ಎಂದು ಬಂದರೆ?

ಇದಕ್ಕೆ ಅಜೂಸ್ಪರ್ಮಿಯಾ ಎನ್ನುತ್ತಾರೆ. ಸುಮಾರು 100 ಗಂಡಸರಲ್ಲಿ ಒಬ್ಬರಿಗೆ ಇದು ಇರುತ್ತದೆ. ಒಂದೇ ವರದಿ ನೋಡಿ ತೀರ್ಮಾನಕ್ಕೆ ಬರಬಾರದು, ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ಇದಕ್ಕೂ ಗಂಡಸುತನಕ್ಕೂ ಸಂಬಂಧವಿಲ್ಲ. ವೀರ್ಯದ ಬಹುಪಾಲು ದ್ರವ ಬೇರೆ ಗ್ರಂಥಿಗಳಿಂದ ಬರುತ್ತದೆ, ವೀರ್ಯಾಣುಗಳ ಪಾಲು ತೀರಾ ಸಣ್ಣದು. ಹಾಗಾಗಿ ಎಲ್ಲ ಸರಿಯಿದೆ ಎನಿಸುವವರಲ್ಲೂ ವೀರ್ಯಾಣು ಇಲ್ಲದಿರಬಹುದು.

ಕಾರಣ ಎರಡು ಬಗೆ. ಒಂದು, ವೃಷಣದಲ್ಲಿ ವೀರ್ಯಾಣು ತಯಾರಾಗುತ್ತಿದೆ, ದಾರಿ ಮುಚ್ಚಿದೆ. ಹಳೆಯ ಸೋಂಕು, ಸಂತಾನಹರಣ ಶಸ್ತ್ರಚಿಕಿತ್ಸೆ ಅಥವಾ ಹುಟ್ಟಿನಿಂದಲೇ ನಾಳವಿಲ್ಲದಿರುವುದು ಇದಕ್ಕೆ ಕಾರಣವಾಗಬಹುದು. ಇನ್ನೊಂದು, ತಯಾರಿಯೇ ಕಡಿಮೆ ಅಥವಾ ನಿಂತಿದೆ. ಹಾರ್ಮೋನ್ ಕೊರತೆ, ವಂಶವಾಹಿ ದೋಷ, ಹರೆಯದ ನಂತರ ಬಂದ ಮಂಗನಬಾವು ಇಂಥ ಕಾರಣಗಳಿರಬಹುದು. ಜಿಮ್‌ನಲ್ಲಿ ತೆಗೆದುಕೊಳ್ಳುವ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಕೂಡ ವೀರ್ಯಾಣು ತಯಾರಿಕೆಯನ್ನು ನಿಲ್ಲಿಸಬಲ್ಲದು.

ಕೆಲವರಿಗೆ ಔಷಧದಿಂದಲೇ ಸರಿಹೋಗುತ್ತದೆ. ಕೆಲವರಿಗೆ ಮುಚ್ಚಿದ ದಾರಿಯನ್ನು ಶಸ್ತ್ರಚಿಕಿತ್ಸೆಯಿಂದ ತೆರೆಯಬಹುದು. ಉಳಿದವರಿಗೆ ವೀರ್ಯಾಣುವನ್ನು ನೇರವಾಗಿ ಹೊರತೆಗೆಯುವ ವಿಧಾನಗಳಿವೆ.

ದಾರಿ ಮುಚ್ಚಿದ್ದರೆ ಸಣ್ಣ ಸೂಜಿಯಿಂದ ವೃಷಣದ ಹಿಂಬದಿಯ ಸುರುಳಿ ನಾಳದಿಂದ (ಪೆಸಾ) ಅಥವಾ ವೃಷಣದಿಂದಲೇ (ಟೆಸಾ) ತೆಗೆಯುತ್ತಾರೆ. ತಯಾರಿಯೇ ಕಡಿಮೆಯಿದ್ದರೆ ಮೈಕ್ರೋ ಟೆಸೆ ಮಾಡುತ್ತಾರೆ. ವೃಷಣವನ್ನು ತೆರೆದು, ಆಪರೇಷನ್ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತ, ವೀರ್ಯಾಣು ಇರಬಹುದಾದ ದಪ್ಪ ನಾಳಗಳನ್ನು ಮಾತ್ರ ಆರಿಸಿ ತೆಗೆಯುವ ಕೆಲಸ ಅದು. ಇದರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ವೀರ್ಯಾಣು ಸಿಗುತ್ತದೆ. ಉಳಿದವರಿಗೆ ಸಿಗುವುದಿಲ್ಲ, ಇದನ್ನು ಮೊದಲೇ ತಿಳಿದುಕೊಂಡು ಹೋಗಬೇಕು.

ಸಿಕ್ಕ ವೀರ್ಯಾಣುವನ್ನು ಲ್ಯಾಬ್‌ನಲ್ಲಿ ಒಂದೊಂದಾಗಿ ಅಂಡಾಣುವಿನೊಳಗೆ ಸೇರಿಸುತ್ತಾರೆ. 1992ರಲ್ಲಿ ಬೆಲ್ಜಿಯಂ ವೈದ್ಯರು ಯಶಸ್ಸನ್ನು ವರದಿ ಮಾಡಿದ ಈ ವಿಧಾನದ ಹೆಸರು ಇಕ್ಸಿ. ಅಂದರೆ ಗಂಡನಿಗೆ ಆಪರೇಷನ್ ಆದರೂ ಹೆಂಡತಿ ಹಾರ್ಮೋನ್ ಇಂಜೆಕ್ಷನ್, ಅಂಡಾಣು ತೆಗೆಸುವಿಕೆ ಎಲ್ಲವನ್ನೂ ಎದುರಿಸಲೇಬೇಕು. ವೀರ್ಯಾಣು ಸಿಕ್ಕ ಮಾತ್ರಕ್ಕೆ ಮಗು ಖಚಿತವೂ ಅಲ್ಲ.

ಹೋಗುವ ಮುನ್ನ ಇವನ್ನು ಕೇಳಿ

ಹಾರ್ಮೋನ್ ಮತ್ತು ವಂಶವಾಹಿ ಪರೀಕ್ಷೆ ಆಗಿದೆಯೇ? ವೈ ಕ್ರೋಮೋಸೋಮಿನ ಕೆಲವು ಭಾಗಗಳು ಪೂರ್ತಿ ಇಲ್ಲದಿದ್ದರೆ ಆಪರೇಷನ್ ಮಾಡಿಯೂ ಪ್ರಯೋಜನವಿಲ್ಲ. ಸಿಕ್ಕ ವೀರ್ಯಾಣುವನ್ನು ಶೈತ್ಯದಲ್ಲಿಡುವ ವ್ಯವಸ್ಥೆ ಇದೆಯೇ? ಕೇಂದ್ರವು 2021ರ ಎಆರ್‌ಟಿ ಕಾಯ್ದೆಯಡಿ ನೋಂದಣಿಯಾಗಿದೆಯೇ? ಒಟ್ಟು ಖರ್ಚೆಷ್ಟು, ವೀರ್ಯಾಣು ಸಿಗದಿದ್ದರೆ ಎಷ್ಟು? ಗ್ಯಾರಂಟಿ ಕೊಡುವವರನ್ನು, ಅವರು ನಾಟಿ ವೈದ್ಯರಿರಲಿ ದೊಡ್ಡ ಕ್ಲಿನಿಕ್ ಇರಲಿ, ನಂಬಬೇಡಿ.

ಕೊನೆಗೆ

ನಂದಗಡಕ್ಕೆ ಹೋಗಿ, ರಾಯಣ್ಣನಿಗೆ ಕೈ ಮುಗಿಯಿರಿ. ಮನಸ್ಸಿಗೆ ನೆಮ್ಮದಿ ಎನಿಸಿದರೆ ತೊಟ್ಟಿಲನ್ನೂ ಕಟ್ಟಿ. ಆದರೆ ಅದೇ ವಾರ ಖಾನಾಪುರದಿಂದ ಬೆಳಗಾವಿಗೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಿ ವೈದ್ಯರನ್ನು ಕಾಣಿ. ವಯಸ್ಸು ಹರಕೆಗಾಗಿ ಕಾಯುವುದಿಲ್ಲ. ಚಿಕಿತ್ಸೆ ಫಲಿಸದಿದ್ದರೆ ದತ್ತು ಪಡೆಯುವುದು ಸೋಲೆಂದು ಭಾವಿಸಬೇಡಿ. ಆ ಮರದಡಿ ಮಲಗಿರುವವನು ಕೊನೆಯವರೆಗೂ ಹೋರಾಡಿದ್ದು ದತ್ತುಮಗನಿಗಾಗಿಯೇ.

ಮುಂದಿನ ಜನವರಿ 26ಕ್ಕೆ ರಾಯಣ್ಣನ ಫೋಟೊ ಫಾರ್ವರ್ಡ್ ಮಾಡುವಾಗ ಈ ಮಾತನ್ನೂ ಸೇರಿಸಿ ಕಳಿಸಿ.