ಸ್ಕ್ರೂಜನನ್ನು ಸೃಷ್ಟಿಸಿದ ಚಾರ್ಲ್ಸ್ ಡಿಕನ್ಸ್

ಕ್ರಿಸ್ಮಸ್ ಹತ್ತಿರವಾಗುತ್ತಲೇ ನಮ್ಮ ಶಾಲೆಗಳಲ್ಲೂ ಧರ್ಮಕೇಂದ್ರಗಳ ಸಭಾಭವನಗಳಲ್ಲೂ ಜಿಪುಣ ಸ್ಕ್ರೂಜನ ಕಥೆ ರಂಗವೇರುವುದುಂಟು. ಸರಪಳಿ ಎಳೆಯುತ್ತಾ ಬರುವ ಮಾರ್ಲಿಯ ಪ್ರೇತವನ್ನು ಕಂಡು ಮುಂದಿನ ಸಾಲಿನ ಮಕ್ಕಳು ಕಿರುಚುತ್ತಾರೆ, ಹಿಂದೆ ಕುಳಿತ ನಾವು ನಗುತ್ತೇವೆ. (ಕರಾವಳಿಯಲ್ಲಿ ಭೂತವೆಂದರೆ ಬೇರೆಯೇ ಅರ್ಥವಿರುವುದರಿಂದ ಪ್ರೇತವೆಂದೇ ಬರೆದಿದ್ದೇವೆ.) ಆದರೆ ಕಥೆ ಬರೆದವರು ಅದನ್ನು ಮೊದಲ ಬಾರಿ ರಂಗದ ಮೇಲೆ ಕಂಡಾಗ ನೊಂದುಕೊಂಡು ಮನೆಗೆ ಮರಳಿದರು.

ಚಾರ್ಲ್ಸ್ ಡಿಕನ್ಸ್ ಜನಿಸಿದ್ದು 1812ರ ಫೆಬ್ರವರಿ 7ರಂದು, ಇಂಗ್ಲೆಂಡಿನ ಪೋರ್ಟ್ಸ್‌ಮೌತ್‌ನಲ್ಲಿ. ತಂದೆ ನೌಕಾಪಡೆಯ ವೇತನ ಕಚೇರಿಯ ಗುಮಾಸ್ತ. ಕೈ ಬಿಗಿ ಹಿಡಿಯಲು ಬಾರದ ಮನುಷ್ಯ. 1824ರಲ್ಲಿ ಸಾಲ ತೀರಿಸಲಾಗದೆ ಅವರು ಲಂಡನ್ನಿನ ಮಾರ್ಷಲ್ಸೀ ಸೆರೆಮನೆ ಸೇರಿದರು. 12 ವರ್ಷದ ಚಾರ್ಲ್ಸ್ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಹೋದ. ವಾರಕ್ಕೆ ಸುಮಾರು 6 ಶಿಲ್ಲಿಂಗ್ ಕೂಲಿ. ತಂದೆ ಬಿಡುಗಡೆಯಾಗಿ ಬಂದ ಮೇಲೂ ಮಗ ಕೆಲಸ ಮುಂದುವರಿಸಲೆಂದೇ ತಾಯಿಯ ಮನಸ್ಸಿತ್ತು. ಆ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಅದೇ 1824ರಲ್ಲಿ ಇನ್ನೊಬ್ಬ ಇಂಗ್ಲಿಷ್ ಬಾಲಕ, 15ರ ಪ್ರಾಯದ ಮೆಡೋಸ್ ಟೇಲರ್, ವ್ಯಾಪಾರಿಯೊಬ್ಬರ ಗುಮಾಸ್ತನಾಗಲು ಬೊಂಬಾಯಿಗೆ ಬಂದಿಳಿದ. ಮುಂದೆ ಸುರಪುರ ಸಂಸ್ಥಾನದ ಅಧಿಕಾರಿಯಾಗಿ ಬೋನಾಳದ ಕೆರೆಯನ್ನು ವಿಸ್ತರಿಸಿದವರು ಇವರೇ, ಇವರೂ ಕಾದಂಬರಿಕಾರರು. 1843ರ ಕ್ರಿಸ್ಮಸ್ ಹೊತ್ತಿಗೆ ಟೇಲರ್ ಸುರಪುರದ ಆಡಳಿತದಲ್ಲಿದ್ದರೆ, ಲಂಡನ್ನಿನಲ್ಲಿ ಡಿಕನ್ಸ್ ಅವರ ಕಥೆ ಬಿಸಿ ಬಿಸಿಯಾಗಿ ಮಾರಾಟವಾಗುತ್ತಿತ್ತು.

ಆ ವರ್ಷ ಗಣಿ, ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಕುರಿತ ಸರಕಾರಿ ವರದಿ ಓದಿ, ಬಡಮಕ್ಕಳ ಶಾಲೆಯೊಂದನ್ನು ಕಣ್ಣಾರೆ ಕಂಡು ಡಿಕನ್ಸ್ ತಳಮಳಗೊಂಡಿದ್ದರು. ಸುಮಾರು ಆರು ವಾರಗಳಲ್ಲಿ ಕಥೆ ಮುಗಿಯಿತು. ಡಿಸೆಂಬರ್ 19ರಂದು ಹೊರಬಂದ 6,000 ಪ್ರತಿಗಳು ಕ್ರಿಸ್ಮಸ್ ಮುನ್ನವೇ ಖರ್ಚಾದವು. ಆದರೂ ಅಂದದ ಮುದ್ರಣದ ವೆಚ್ಚವೇ ಲಾಭವನ್ನು ನುಂಗಿತು. ಕಥೆ ಕದ್ದು ಅಚ್ಚು ಹಾಕಿದವರ ಮೇಲೆ ಮೊಕದ್ದಮೆ ಹೂಡಿ ಗೆದ್ದರು. ಸೋತವರು ದಿವಾಳಿಯಾದ್ದರಿಂದ ಗೆದ್ದವರೇ ಖರ್ಚು ತೆರಬೇಕಾಯಿತು!

1844ರ ಫೆಬ್ರವರಿ 5ರಂದು ಒಂದೇ ದಿನ ಲಂಡನ್ನಿನ ಮೂರು ರಂಗಮಂದಿರಗಳಲ್ಲಿ ಈ ಕಥೆ ನಾಟಕವಾಯಿತು. ಕಾದಂಬರಿಯನ್ನು ನಾಟಕ ಮಾಡುವವರನ್ನು ತಡೆಯುವ ಹಕ್ಕು ಅಂದಿನ ಕಾನೂನಿನಲ್ಲಿ ಲೇಖಕನಿಗೆ ಇರಲಿಲ್ಲ. ಅಡೆಲ್ಫಿ ರಂಗಮಂದಿರದ ಪ್ರದರ್ಶನಕ್ಕೆ ಮಾತ್ರ ಡಿಕನ್ಸ್ ಒಪ್ಪಿಗೆಯಿತ್ತರು. ಅದನ್ನೇ ನೋಡಲು ಹೋದರು. ಸ್ಕ್ರೂಜನ ಪಾತ್ರಧಾರಿ ಓ. ಸ್ಮಿತ್ ತಾವೆಣಿಸಿದ್ದಕ್ಕಿಂತ ವಾಸಿ ಎನಿಸಿದರೂ, ಒಟ್ಟಿನಲ್ಲಿ ತಮ್ಮ ಮನಸ್ಸಿನಲ್ಲಿದ್ದದ್ದು ಇದಲ್ಲವೆಂದು ಎದೆಯೊಡೆದುಕೊಂಡು ಗೆಳೆಯ ಫಾರ್ಸ್ಟರ್‌ಗೆ ಬರೆದರು. ಸ್ವತಃ ನಟನಾಗಬೇಕೆಂದಿದ್ದವರು ಅವರು. 1832ರಲ್ಲಿ ಕೋವೆಂಟ್ ಗಾರ್ಡನ್‌ನಲ್ಲಿ ಪರೀಕ್ಷೆಗೆ ಕರೆ ಬಂದ ದಿನ ನೆಗಡಿಯಿಂದ ಮಲಗಿದ್ದರು. 1853ರಿಂದ ತಾವೇ ವೇದಿಕೆಯೇರಿ ಕಥೆಯನ್ನು ಓದಲಾರಂಭಿಸಿದಾಗ, ಎಲ್ಲ ಪಾತ್ರಗಳೂ ಅವರೊಬ್ಬರ ಕಂಠದಲ್ಲೇ ಮೂಡಿದವು.

ಅವರ ಬಾಳಿನಲ್ಲಿ ಎಲ್ಲವೂ ಅನುಕರಣೀಯವೆಂದು ನಾವು ಹೇಳಲಾರೆವು. ಒಲೆಯ ಸುತ್ತ ಕೂಡುವ ಕುಟುಂಬವನ್ನು ಅಷ್ಟು ಚಂದವಾಗಿ ಚಿತ್ರಿಸಿದವರು 1858ರಲ್ಲಿ, ಹತ್ತು ಮಕ್ಕಳನ್ನು ಹೆತ್ತ ಪತ್ನಿ ಕ್ಯಾಥರಿನ್‌ರಿಂದ ಬೇರೆಯಾದರು. ಸೈನ್ಯ ಸೇರಿ 1857ರಲ್ಲಿ ಭಾರತಕ್ಕೆ ಬಂದ ಮಗ ವಾಲ್ಟರ್, 22ರ ಪ್ರಾಯದಲ್ಲಿ, 1863ರ ಡಿಸೆಂಬರ್ 31ರಂದು ಕಲ್ಕತ್ತದಲ್ಲಿ ತೀರಿಕೊಂಡ. ಅಜ್ಜನಂತೆ ಅವನೂ ಸಾಲ ಬಿಟ್ಟುಹೋಗಿದ್ದ.

1869ರ ಕ್ರಿಸ್ಮಸ್ ಡಿಕನ್ಸ್ ಅವರಿಗೆ ಕೊನೆಯದು. ಮನೆಯವರೆಲ್ಲ ನೆನಪಿನ ಆಟಕ್ಕೆ ಕುಳಿತಿದ್ದರು. ಒಬ್ಬೊಬ್ಬರೂ ಹಿಂದಿನವರು ಹೇಳಿದ್ದನ್ನೆಲ್ಲ ಒಪ್ಪಿಸಿ ತಮ್ಮದೊಂದು ಹೆಸರು ಸೇರಿಸಬೇಕು. ತಮ್ಮ ಸರದಿ ಬಂದಾಗ ತಂದೆ ವಾರನ್ಸ್ ಪಾಲಿಶ್ ಕಾರ್ಖಾನೆಯ ಹೆಸರು, ವಿಳಾಸ ಹೇಳಿದರು. ದನಿಯಲ್ಲೇನೋ ವಿಚಿತ್ರವಿತ್ತೆಂದು ಮಗ ಹೆನ್ರಿಗೆ ಅನಿಸಿತು, ಅರ್ಥವಾಗಲಿಲ್ಲ. 1870ರ ಜೂನ್ 9ರಂದು ಡಿಕನ್ಸ್ ನಿಧನರಾದರು. ಆ ಬಳಿಕ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದ ಹೆನ್ರಿಗೆ ಆ ವಿಳಾಸದ ಅರ್ಥ ತಿಳಿಯಿತು.