ಪಾಲ್ಯಕೀರ್ತಿ ಶಾಕಟಾಯನ: ರಾಷ್ಟ್ರಕೂಟರ ಕಾಲದ ಮ್ಯಾಕ್ರೋ ಪಂಡಿತ

ಹೈಸ್ಕೂಲಿನಲ್ಲಿ ನಾವೆಲ್ಲ ಯಣ್ ಸಂಧಿ ಬಾಯಿಪಾಠ ಮಾಡಿದವರೇ. ಅತಿ, ಅಂತ ಸೇರಿದರೆ ಅತ್ಯಂತ. ಆದರೆ ಈ ‘ಯಣ್’ ಅಂದ್ರೆ ಏನು ಅಂತ ಕೇಳಿದವರು ಕಡಿಮೆ. ಅದೊಂದು ಮ್ಯಾಕ್ರೋ ನೋಡ್ರಿ. ಪಾಣಿನಿ ಸಂಸ್ಕೃತದ ಅಕ್ಷರಗಳನ್ನು 14 ಸಾಲಿನಲ್ಲಿ ಜೋಡಿಸಿ, ಪ್ರತಿ ಸಾಲಿನ ಕೊನೆಗೆ ಗುರುತಿಗೆಂದು ಒಂದು ವ್ಯಂಜನ ಇಟ್ಟ. ಶುರುವಿನ ಅಕ್ಷರ ಮತ್ತು ಕೊನೆಯ ಗುರುತು ಸೇರಿಸಿ ಹೇಳಿದರೆ ನಡುವಿನದೆಲ್ಲ ಬಂತು. ಯಣ್ ಅಂದ್ರೆ ಯ, ವ, ರ, ಲ. ಅಚ್ ಅಂದ್ರೆ ಎಲ್ಲ ಸ್ವರ. ವ್ಯಾಕರಣದವರು ಇದಕ್ಕೆ ಪ್ರತ್ಯಾಹಾರ ಅಂತಾರೆ. ನಾವು ಸಿ ಭಾಷೆಯಲ್ಲಿ ಡಿಫೈನ್, ಲೇಟೆಕ್‌ನಲ್ಲಿ ನ್ಯೂಕಮಾಂಡ್ ಬರೆದು ಮಾಡೋದೂ ಇದೇ ಕೆಲಸ.

ಇಂಥ ಅದ್ಭುತ ಏರ್ಪಾಡಿನಲ್ಲೂ ಒಂದು ತೊಡಕು ಉಳಿದಿತ್ತು. ‘ಣ್’ ಎಂಬ ಗುರುತು ಎರಡು ಕಡೆ ಬಂದಿದೆ, ಮೊದಲ ಸಾಲಿನ ಕೊನೆಗೆ ಮತ್ತು ಆರನೇ ಸಾಲಿನ ಕೊನೆಗೆ. ಹಾಗಾಗಿ ‘ಅಣ್’ ಅಂದಾಗ ಅ, ಇ, ಉ ಮೂರೇ ಅಕ್ಷರವೋ, ಇಲ್ಲ ಎಲ್ಲ ಸ್ವರಗಳ ಜೊತೆ ಹ, ಯ, ವ, ರ, ಲ ಕೂಡ ಸೇರಿದವೋ? ಒಂದೇ ಹೆಸರಿಗೆ ಎರಡು ಡೆಫಿನಿಷನ್. ಪತಂಜಲಿ ಈ ಪ್ರಶ್ನೆ ಎತ್ತಿ ಚರ್ಚಿಸಿದ. ಕೊನೆಗೆ ಸಂಪ್ರದಾಯ ಒಪ್ಪಿಕೊಂಡದ್ದು ಇಷ್ಟು: ಒಂದು ಸೂತ್ರ ಬಿಟ್ಟು ಉಳಿದ ಕಡೆಯೆಲ್ಲ ಅಣ್ ಅಂದ್ರೆ ಮೂರೇ ಅಕ್ಷರ, ಅನುಮಾನ ಬಂದರೆ ವ್ಯಾಖ್ಯಾನ ನೋಡಿಕೊಳ್ಳಿ. ಅಂದ್ರೆ ಕೋಡ್ ಹಾಗೇ ಇರಲಿ, ಡಾಕ್ಯುಮೆಂಟೇಶನ್ ಓದ್ರಿ ಅಂದ ಹಾಗೆ.

ಡಾಕ್ಯುಮೆಂಟೇಶನ್ ನೆಚ್ಚಿಕೊಂಡು ಕೂರದೆ ಕೋಡನ್ನೇ ತಿದ್ದಿದವರಲ್ಲಿ ಒಬ್ಬರು ನಮ್ಮ ಸೀಮೆಯ ಇತಿಹಾಸಕ್ಕೆ ಸೇರಿದವರು. ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದ್ ಕಡೆಯ ಗಾಡಿ ಹತ್ತಿದರೆ ಚಿತ್ತಾಪುರ ದಾಟಿ, ಸೇಡಂ ಬರುವ ಮೊದಲು ಮಳಖೇಡ ರೋಡ್ ಸ್ಟೇಷನ್ ಸಿಗುತ್ತೆ. ಈಗ ಆ ದಾರಿಯಲ್ಲಿ ಕಣ್ಣಿಗೆ ಬೀಳೋದು ಸಿಮೆಂಟ್ ಫ್ಯಾಕ್ಟರಿ. ಕಾಗಿಣಾ ನದಿ ದಂಡೆಯ ಈ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಹೆಸರಿನ ಜೊತೆ ನಮಗೆ ನೆನಪಾಗೋದು ಕವಿರಾಜಮಾರ್ಗ, ಸ್ವಲ್ಪ ಗಣಿತದ ಹುಚ್ಚು ಇದ್ದವರಿಗೆ ಮಹಾವೀರಾಚಾರ್ಯ. ಅದೇ ಕಾಲದಲ್ಲಿದ್ದ ಜೈನ ಆಚಾರ್ಯ ಪಾಲ್ಯಕೀರ್ತಿಯವರು ಮಾತ್ರ ಯಾರ ನೆನಪಿಗೂ ಬರಲ್ಲ. ಇವರು ಯಾಪನೀಯ ಪಂಥದವರು. ಶಾಕಟಾಯನ ಅನ್ನೋದು ಇವರ ಇನ್ನೊಂದು ಹೆಸರು.

ಇವರ ಶಬ್ದಾನುಶಾಸನದಲ್ಲಿ ನಾಲ್ಕು ಅಧ್ಯಾಯ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 3200ಕ್ಕೂ ಹೆಚ್ಚು ಸೂತ್ರ. ಪಾಣಿನಿಯಲ್ಲಿ ಸುಮಾರು 4000 ಇದ್ದವು. ಅಕ್ಷರಗಳ ಸಾಲುಗಳನ್ನು 13ಕ್ಕೆ ಇಳಿಸಿದರು. ಹ, ಯ, ವ, ರ, ಲ ಐದನ್ನೂ ಒಂದೇ ಸಾಲಿಗೆ ತಂದು, ಆ ಸಾಲಿನ ಕೊನೆಗೆ ಣ್ ಬದಲು ಞ್ ಇಟ್ಟರು. ಅಷ್ಟೇ! ಸಾವಿರ ವರ್ಷಕ್ಕೂ ಹೆಚ್ಚು ಕಾಲ ಪಂಡಿತರ ತಲೆ ತಿಂದ ತೊಡಕು ಒಂದು ಅಕ್ಷರದಲ್ಲಿ ಮುಗೀತು. ನಮ್ಮ ಶಾಲೆಗಳಿಗೆ ಇವರ ಪಾಠ ಬಂದಿದ್ದರೆ ಯಣ್ ಸಂಧಿಯನ್ನು ಯಞ್ ಸಂಧಿ ಅಂತ ಓದಬೇಕಿತ್ತು. ಪಾಣಿನಿಯ ಸಾಲುಗಳಲ್ಲಿ ಇಲ್ಲದ ಅನುಸ್ವಾರ, ವಿಸರ್ಗಗಳನ್ನೂ ಪಟ್ಟಿಯೊಳಗೇ ಸೇರಿಸಿದರು.

ಮ್ಯಾಕ್ರೋ ಬರೆಯೋದು ಸುಲಭ, ಬಿಚ್ಚಿದಾಗ ಏನಾಗುತ್ತೆ ಅಂತ ನೋಡೋದೇ ದೊಡ್ಡ ಕೆಲಸ. ವರ್ಗಕ್ಕೆ ಬ್ರ್ಯಾಕೆಟ್ ಇಲ್ಲದ ಮ್ಯಾಕ್ರೋ ಬರೆದು 2+3 ಕೊಟ್ಟರೆ 25 ಅಲ್ಲ, 11 ಬರುತ್ತೆ. ಜಿಸಿಸಿಗೆ ಮೈನಸ್ ಇ ಕೊಟ್ಟು ಬಿಚ್ಚಿದ ರೂಪ ನೋಡಿದರೆ ಎಲ್ಲಿ ಕೆಟ್ಟಿತು ಅಂತ ತಕ್ಷಣ ಕಾಣುತ್ತೆ. ಪಾಲ್ಯಕೀರ್ತಿಯವರು ಆ ಬಿಚ್ಚುವ ಕೆಲಸವನ್ನೂ ಬೇರೆಯವರಿಗೆ ಬಿಡಲಿಲ್ಲ. ತಮ್ಮ ಸೂತ್ರಗಳಿಗೆ ತಾವೇ ದೊಡ್ಡ ವೃತ್ತಿ ಬರೆದು, ಉದಾಹರಣೆ ಕೊಟ್ಟು, ಅದಕ್ಕೆ ರಾಜನ ಹೆಸರಿನಲ್ಲಿ ಅಮೋಘವೃತ್ತಿ ಅಂತ ಕರೆದರು.

ಇವರ ಇನ್ನೊಂದು ಕೃತಿ ನಮಗೆ ಇನ್ನೂ ಇಷ್ಟ. ಹೆಂಗಸು ಅದೇ ಜನ್ಮದಲ್ಲಿ ಮೋಕ್ಷ ಪಡೆಯಬಹುದೇ ಅನ್ನೋದು ಆಗಿನ ಜೈನರಲ್ಲಿ ದೊಡ್ಡ ಜಗಳ. ದಿಗಂಬರರು ಇಲ್ಲ ಅಂದರು, ಶ್ವೇತಾಂಬರರೂ ಯಾಪನೀಯರೂ ಹೌದು ಅಂದರು. ಹೌದು ಅನ್ನುವ ಪಕ್ಷಕ್ಕೆ ಪಾಲ್ಯಕೀರ್ತಿಯವರು ಬರೆದದ್ದು ಸ್ತ್ರೀನಿರ್ವಾಣ ಪ್ರಕರಣ. ಆಗಮದಲ್ಲಿ ಸ್ತ್ರೀಗೆ ಸಿದ್ಧಿ ಹೇಳಿದ್ದರೂ ಅಲ್ಲಿ ಸ್ತ್ರೀ ಅಂದ್ರೆ ಹೆಂಗಸಲ್ಲ, ಸ್ತ್ರೀಭಾವ ಇರುವ ಗಂಡಸು ಅಂತ ಎದುರು ಪಕ್ಷದವರು ಅರ್ಥ ಹೇಳುತ್ತಿದ್ದರು. ವ್ಯಾಕರಣ ಬಲ್ಲವರು ಇದನ್ನು ಬಿಡ್ತಾರಾ? ಮುಖ್ಯಾರ್ಥಕ್ಕೆ ಅಡ್ಡಿ ಇಲ್ಲದಿರುವಾಗ ಗೌಣಾರ್ಥಕ್ಕೆ ಹೋಗುವಂತಿಲ್ಲ ಅಂತ ಹಟ ಹಿಡಿದು ವಾದಿಸಿದರು. ಲೇಟೆಕ್‌ನಲ್ಲಿ ಈಗಾಗಲೇ ಇರುವ ಹೆಸರಿಗೆ ನ್ಯೂಕಮಾಂಡ್ ಕೊಟ್ಟರೆ ಎರರ್ ಬರುತ್ತೆ; ಬರೀ ಡೆಫ್ ಕೊಟ್ಟರೆ ಸದ್ದಿಲ್ಲದೆ ಅರ್ಥ ಬದಲಾಗಿಬಿಡುತ್ತೆ. ಆ ಸದ್ದಿಲ್ಲದ ಬದಲಾವಣೆಗೇ ಇವರ ತಕರಾರು. ಅಣ್ ವಿಷಯದಲ್ಲಿ ಪಣಕ್ಕಿದ್ದದ್ದು ಒಂದು ಸಂಧಿ, ಇಲ್ಲಿ ಪಣಕ್ಕಿದ್ದದ್ದು ಅರ್ಧ ಜನರ ಮೋಕ್ಷ.

ಮುಂದೆ ಯಕ್ಷವರ್ಮ ಅಮೋಘವೃತ್ತಿಯನ್ನು ಚಿಕ್ಕದು ಮಾಡಿ ಚಿಂತಾಮಣಿ ಬರೆದ. 12ನೇ ಶತಮಾನದಲ್ಲಿ ಗುಜರಾತಿನ ಹೇಮಚಂದ್ರ ತನ್ನ ವ್ಯಾಕರಣಕ್ಕೆ ಇದರಿಂದ ಧಾರಾಳವಾಗಿ ತಗೊಂಡ. ಯಾಪನೀಯ ಪಂಥ ಮಾತ್ರ ಕ್ರಮೇಣ ಅಳಿದುಹೋಯಿತು.

ತಮಾಷೆ ಏನಪ್ಪಾ ಅಂದ್ರೆ, ಹೆಸರಿನ ಗೊಂದಲ ಬಿಡಿಸಿದವರೇ ಹೆಸರಿನ ಗೊಂದಲಕ್ಕೆ ಸಿಕ್ಕಿಬಿದ್ದರು. ಪಾಣಿನಿ ತನಗಿಂತ ಹಿಂದಿನ ಒಬ್ಬ ಶಾಕಟಾಯನನನ್ನು ಹೆಸರಿಸಿದ್ದಾನೆ. 19ನೇ ಶತಮಾನದಲ್ಲಿ ಈ ವ್ಯಾಕರಣ ಕೈಗೆ ಸಿಕ್ಕಾಗ ಕೆಲವು ವಿದ್ವಾಂಸರು ಇವರೇ ಆ ಪುರಾತನರು ಅಂದುಕೊಂಡರು. ಅದನ್ನು ಬಿಡಿಸಿದವರು ಕವಿರಾಜಮಾರ್ಗವನ್ನು ಸಂಪಾದಿಸಿದ ಕೆ. ಬಿ. ಪಾಠಕ್, 1914ರ ಲೇಖನದಲ್ಲಿ. ಅವರಿಗೆ ಸಾಕ್ಷಿ ಸಿಕ್ಕಿದ್ದು ಅಮೋಘವೃತ್ತಿಯ ಉದಾಹರಣೆಗಳಲ್ಲೇ. ತನ್ನ ಕಾಲದಲ್ಲೇ ನಡೆದ, ತಾನು ಕಣ್ಣಾರೆ ನೋಡದಿದ್ದರೂ ನೋಡಲು ಸಾಧ್ಯವಿದ್ದ, ಎಲ್ಲರಿಗೂ ಗೊತ್ತಿರುವ ಘಟನೆಗೆ ಯಾವ ಭೂತಕಾಲದ ರೂಪ ಬಳಸಬೇಕು ಅನ್ನೋದಕ್ಕೆ ಒಂದು ಸೂತ್ರ ಇದೆ. ಅದನ್ನು ತೋರಿಸಲು ಪಾಲ್ಯಕೀರ್ತಿಯವರು ಆರಿಸಿಕೊಂಡದ್ದು ಅಮೋಘವರ್ಷ ಶತ್ರುಗಳನ್ನು ಸುಟ್ಟ ಸಂಗತಿ. ಸೂತ್ರವನ್ನು ಪರೀಕ್ಷಿಸಲು ಬರೆದ ವಾಕ್ಯವೇ ಬರೆದವರ ಕಾಲವನ್ನೂ ಹೇಳಿಬಿಟ್ಟಿತು.

ಅಮೋಘವೃತ್ತಿ ಸಮೇತ ಈ ವ್ಯಾಕರಣವನ್ನು ಭಾರತೀಯ ಜ್ಞಾನಪೀಠ 1971ರಲ್ಲಿ ಅಚ್ಚು ಹಾಕಿತು. ಮೂರು ವರ್ಷದ ನಂತರ ಮುನಿ ಜಂಬೂವಿಜಯರು ಸಂಪಾದಿಸಿದ ಸ್ತ್ರೀನಿರ್ವಾಣ ಪ್ರಕರಣ ಭಾವನಗರದಿಂದ ಹೊರಬಂತು.