ಪೀಟರ್ ಮೊಲಕ್ಕೂ ಮುಂಚಿನ ಅಣಬೆಗಳು

ನೀಲಿ ಕೋಟು ತೊಟ್ಟ ಪೀಟರ್ ಮೊಲದ ಚಿತ್ರ ನೋಡದವರು ಕಡಿಮೆ. ಅದನ್ನು ಸೃಷ್ಟಿಸಿದ ಬಿಯಾಟ್ರಿಕ್ಸ್ ಪಾಟರ್ ಅದಕ್ಕೂ ಮುಂಚೆ ವರ್ಷಗಟ್ಟಲೆ ಕಾಡು ಸುತ್ತಿ ಅಣಬೆಗಳನ್ನು ದಾಖಲಿಸುತ್ತಿದ್ದಳು ಎಂಬುದು ನನಗೆ ತಿಳಿದದ್ದು ಇತ್ತೀಚೆಗೆ. ಮೊಲಕ್ಕಿಂತ ಆ ಅಣಬೆಗಳೇ ನನಗೆ ಹೆಚ್ಚು ಹಿಡಿಸಿದವು.

1866ರಲ್ಲಿ ಲಂಡನ್ನಿನ ಸಿರಿವಂತರ ಮನೆಯಲ್ಲಿ ಹುಟ್ಟಿದ ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಮನೆಯಲ್ಲೇ ಶಿಕ್ಷಕಿಯರಿಂದ ಕಲಿತವಳು. ರಜೆಗೆಂದು ಕುಟುಂಬ ಸ್ಕಾಟ್ಲೆಂಡಿಗೆ ಹೋದಾಗ ಸಿಕ್ಕ ಗುರು ಒಬ್ಬ ಅಂಚೆಯಣ್ಣ! ಚಾರ್ಲ್ಸ್ ಮೆಕಿಂಟಾಷ್ ಎಂಬ ಆತ ಮೈಲುಗಟ್ಟಲೆ ನಡೆದು ಕಾಗದ ಹಂಚುತ್ತಲೇ ಪಾಚಿ, ಅಣಬೆಗಳನ್ನು ಗುರುತಿಸಲು ಕಲಿತಿದ್ದ. 1892ರ ಭೇಟಿಯ ನಂತರ ಆತ ಅಂಚೆಯಲ್ಲಿ ಅಣಬೆ ಕಳಿಸುವುದು, ಈಕೆ ಬಿಡಿಸಿ ಚಿತ್ರ ಕಳಿಸುವುದು ಶುರುವಾಯಿತು. ಚಂದದ ಚಿತ್ರವಷ್ಟೇ ಸಾಲದು, ಸೀಳಿ ಒಳಗನ್ನೂ ತೋರಿಸಬೇಕು ಎಂದು ಹೇಳಿಕೊಟ್ಟವನು ಅವನೇ. ಕೊಡೆಯ ಕೆಳಗಿನ ಪದರ, ಸೂಕ್ಷ್ಮದರ್ಶಕದಲ್ಲಿ ಕಂಡ ಬೀಜಕ, ಜೊತೆಗೆ ಸಿಕ್ಕಿದ ಊರು, ತಾರೀಖು ಎಲ್ಲವೂ ಅವಳ ಹಾಳೆಗಳಿಗೆ ಬಂದವು. ಊರು, ತಾರೀಖು ಇಲ್ಲದ ಅಣಬೆ ಚಿತ್ರ ಗೋಡೆಗೆ ತೂಗುಹಾಕಲಷ್ಟೇ ಸರಿ.

1893ರ ಸೆಪ್ಟೆಂಬರಿನಲ್ಲಿ ಡಂಕೆಲ್ಡ್ ಬಳಿ ಪೈನ್ ಕಾಯಿಯಂತೆ ಒರಟು ಮೈಯ ಅಪರೂಪದ ಅಣಬೆಯನ್ನು ಚಿತ್ರಿಸಿದಳು. ಅದೇ ತಿಂಗಳು, ಅಲ್ಲಿಂದಲೇ ಕಾಯಿಲೆ ಮಲಗಿದ್ದ ಹುಡುಗನಿಗೆ ಬರೆದ ಕಾಗದದಲ್ಲಿ ಪೀಟರ್ ಮೊಲವೂ ಹುಟ್ಟಿತು.

ಮುಂದೆ ಮರದ ಮೇಲೆ ಬೆಳೆಯುವ ಅಣಬೆಯೊಂದರ ಬೀಜಕಗಳನ್ನು ಮೊಳೆಯಿಸಿದಳು. ಕ್ಯೂ ಸಸ್ಯೋದ್ಯಾನದ ನಿರ್ದೇಶಕರು ಕಿವಿಗೊಡಲಿಲ್ಲ. ಸೋದರತ್ತೆಯ ಗಂಡ, ರಸಾಯನ ವಿಜ್ಞಾನಿ ಹೆನ್ರಿ ರಾಸ್ಕೊ ಬೆನ್ನಿಗೆ ನಿಂತರು. 1897ರ ಏಪ್ರಿಲ್ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಗೆ ಅವಳ ಪ್ರಬಂಧ ಹೋಯಿತು, ಅವಳು ಹೋಗಲಿಲ್ಲ. ಹೆಂಗಸರಿಗೆ ಆ ಸಭೆಯಲ್ಲಿ ಪ್ರವೇಶವಿರಲಿಲ್ಲ. ಕ್ಯೂನ ಜಾರ್ಜ್ ಮ್ಯಾಸಿ ಅವಳ ಪರವಾಗಿ ಮಂಡಿಸಿದರು. ಆಮೇಲೆ ಪ್ರಬಂಧವನ್ನು ಹಿಂದಕ್ಕೆ ಪಡೆದಳು. ಅದು ಅಚ್ಚಾಗಲೇ ಇಲ್ಲ, ಪ್ರತಿಯೂ ಉಳಿದಿಲ್ಲ.

ಈ ಕೆಲಸ ಮಾಡಿದವರಲ್ಲಿ ಅವಳೇ ಮೊದಲಿಗಳು ಎನ್ನುವವರಿದ್ದಾರೆ. ಅದು ಉತ್ಪ್ರೇಕ್ಷೆ, ಜರ್ಮನಿಯ ಬ್ರೆಫೆಲ್ಡ್ ಮೊದಲೇ ಇಂಥ ಪ್ರಯೋಗ ಮಾಡಿದ್ದರು. ಆದರೆ ತನ್ನ ಕೆಲಸದ ಬಗ್ಗೆ ಎದ್ದ ಪ್ರಶ್ನೆಗೆ ತಾನೇ ಉತ್ತರಿಸುವ ಅವಕಾಶವೂ ಇಲ್ಲದ್ದು ನನಗೆ ಇಂದಿಗೂ ಚುಚ್ಚುತ್ತದೆ.

1902ರಲ್ಲಿ ಮೊಲದ ಪುಸ್ತಕ ಬಂತು, ಹೆಸರು, ಹಣ, ಹೊಲ, ಕುರಿಮಂದೆ ಎಲ್ಲವೂ ಬಂದವು. ಅಣಬೆ ಚಿತ್ರಗಳನ್ನು ಆಂಬಲ್‌ಸೈಡ್ ಊರಿನ ಆರ್ಮಿಟ್ ಗ್ರಂಥಾಲಯಕ್ಕೆ ಕೊಟ್ಟು 1943ರಲ್ಲಿ ತೀರಿಕೊಂಡಳು. 1967ರಲ್ಲಿ ಡಬ್ಲ್ಯು.ಪಿ.ಕೆ. ಫಿಂಡ್ಲೆ ಬ್ರಿಟನ್ನಿನ ಅಣಬೆಗಳ ಬಗ್ಗೆ ಪುಸ್ತಕ ಬರೆದರು. ಜಾತಿ ಗುರುತಿಸಲು ಅದರಲ್ಲಿ ಬಳಸಿದ್ದು ಪಾಟರ್ ಬಿಡಿಸಿದ ಚಿತ್ರಗಳನ್ನೇ.